ಕಥಾಕ್ರೀಡಾ ನಿರ್ಣಯ: ಪ್ರಥಮ ಪರಿಚ್ಛೇದ

ಮೊಬೈಲಿನ ಕಥೆಯಾಟಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬ ಜಿಜ್ಞಾಸೆ ಇಲ್ಲಿಂದ ಆರಂಭ. ಗುಂಡು ಹಾರಿಸುವ, ಮಿಠಾಯಿ ಒಡೆಯುವ, ರೈಲು ಹಳಿಯ ಮೇಲೆ ಓಡುವ ಆಟಗಳು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅವಕ್ಕೆ ಬೆರಳೊಂದಿದ್ದರೆ ಸಾಕು. ಇಲ್ಲಿ ಅಧಿಕಾರಿ ಯಾರೆಂದರೆ, ಫೋನಿನಲ್ಲಿ ಅರ್ಧದಷ್ಟಾದರೂ ಚಾರ್ಜು, ದಿಂಬಿನವರೆಗೆ ತಲುಪುವ ಕೇಬಲ್ಲು, ನಾಳೆ ಬೆಳಿಗ್ಗೆಯೇ ಒಪ್ಪಿಸಬೇಕಾದ ಬಾಕಿ ಕೆಲಸವೊಂದು, ಈ ಮೂರೂ ಉಳ್ಳವನು. ಮೂರನೆಯದು ಇಲ್ಲದವನಿಗೆ ಆಟ ರುಚಿಸದೆಂಬುದು ಸರ್ವಸಮ್ಮತ. ಪ್ರಯೋಜನವೇನೆಂದು ಕೇಳುವವರನ್ನು ಪಾಠಶಾಲೆಯಿಂದ ಆಚೆ ಕಳಿಸತಕ್ಕದ್ದು.

ಕಥೆಯಾಟ ಆಡುವವನಿಂದ ಕೇಳುವುದು ಕಾಸು, ಕಾಲ, ಇಲ್ಲವೇ ಕಣ್ಣೀರು. ಇದಕ್ಕೆ ಕಕಾರತ್ರಯವೆಂದು ಹೆಸರು. ಮೂರನ್ನೂ ಒಟ್ಟಿಗೆ ಕೇಳುವುದಕ್ಕೆ ಸಂಸಾರ ಎನ್ನುತ್ತಾರೆ. ಅದು ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: "ಪುಕ್ಕಟೆ ಸಿಗುವುದೇ ಶ್ರೇಷ್ಠ. ಪಿಕ್ಸೆಲ್‌ಬೆರಿಯವರು 2016ರಲ್ಲಿ ತಂದ ಚಾಯ್ಸಸ್ ನೋಡಿ. ಅರಮನೆಯುಂಟು, ರಾಜಕುಮಾರನುಂಟು, ಕಾಲೇಜುಂಟು, ಕೊಲೆಯುಂಟು. ಕೈಯಿಂದ ಪೈಸೆ ಬಿಚ್ಚಬೇಕಿಲ್ಲ."

ಉತ್ತರ ಹೇಳುತ್ತೇವೆ. ಈ ಆಟ ದುಬಾರಿ, ವಜ್ರವಿರುವುದರಿಂದ. ಎಲ್ಲೆಲ್ಲಿ ವಜ್ರವೋ ಅಲ್ಲಲ್ಲಿ ಯುಪಿಐ ಪಿನ್ನು, ಅಡುಗೆಮನೆಯಲ್ಲಿ ಹೊಗೆಯಿದ್ದೆಡೆ ಬೆಂಕಿಯಿದ್ದಂತೆ. ನಾಯಕಿ ಔತಣಕೂಟಕ್ಕೆ ಹೊರಟಿದ್ದಾಳೆ. ಕಣ್ಣು ಕೋರೈಸುವ ಉಡುಪಿಗೆ ವಜ್ರ ತೆರಬೇಕು. ಪುಕ್ಕಟೆ ಉಡುಪು ತೊಟ್ಟರೆ ಅದನ್ನೇಕೆ ತೊಟ್ಟೆ ಎಂದು ಕಥೆಯೇ ಮೂದಲಿಸುವಂತಿರುತ್ತದೆ. ರಾಜಕುಮಾರನ ಜೊತೆ ಏಕಾಂತದಲ್ಲಿ ಮಾತಾಡಬೇಕೆ? ಮತ್ತೆ ವಜ್ರ. ಮುಂದಿನ ಅಧ್ಯಾಯಕ್ಕೆ ಬೀಗದ ಕೈ ಬೇರೆ ಬೇಕು, ಅದು ಮುಗಿದರೆ ಗಂಟೆಗಟ್ಟಲೆ ಕಾಯಬೇಕು. ಆಯ್ಕೆ ನಿಮ್ಮದೆಂದು ಹೇಳಿ ಆಯ್ಕೆಯನ್ನೇ ತಕ್ಕಡಿಗೆ ಹಾಕಿ ಮಾರುವ ಈ ಪದ್ಧತಿಯಲ್ಲಿ ಧರ್ಮಸಂಕಟ ಹುಟ್ಟುವುದೇ ಇಲ್ಲ, ಹುಟ್ಟುವುದು ಧನಸಂಕಟ ಮಾತ್ರ. ಇದು ನಮ್ಮ ಮುಖ್ಯ ಆಕ್ಷೇಪ.

ಕಾಲಭಕ್ಷಕ ವರ್ಗಕ್ಕೆ ಬರೋಣ. 2015ರ ಲೈಫ್‌ಲೈನ್‌ನಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ದೂರದ ಚಂದ್ರನೊಂದರ ಮೇಲೆ ನೌಕೆ ಒಡೆದು ಸಿಕ್ಕಿಬಿದ್ದ ಟೇಲರ್ ಎಂಬ ಜೀವ ನಿಮಗೆ ಸಂದೇಶ ಕಳಿಸುತ್ತದೆ. ನಡೆದು ಹೋಗುತ್ತೇನೆ ಎಂದರೆ ಹೋದದ್ದೇ, ಗಂಟೆಗಟ್ಟಲೆ ಮಾತಿಲ್ಲ. ನೀವು ಬಸ್ಸಿನಲ್ಲಿ ಜೋತುಬಿದ್ದಿರುವಾಗ ಫೋನ್ ಟಿಂಗೆನ್ನುತ್ತದೆ: ರಿಯಾಕ್ಟರಿನ ಬಳಿ ಬೆಚ್ಚಗಿದೆ, ಆದರೆ ವಿಕಿರಣ 150 ರ‍್ಯಾಡ್, ಮಲಗಬಹುದೆ? ಪಕ್ಕದ ಸೀಟಿನವರನ್ನು ಕೇಳುವಂತಿಲ್ಲ. ಗೂಗಲ್ಲಿನಲ್ಲಿ ಹುಡುಕಿ ಹೇಳಬೇಕು. ವಾರಪತ್ರಿಕೆಯ ಧಾರಾವಾಹಿಗೆ ಏಳು ದಿನ ಕಾದು ಬೆಳೆದ ಕುಲದವರಿಗೆ ಈ ಕಾಯುವಿಕೆ ಹೊಸದಲ್ಲ. ಧಾರಾವಾಹಿಯ ನಾಯಕ ಮಾತ್ರ ನಮ್ಮ ಸಲಹೆ ಕೇಳುತ್ತಿರಲಿಲ್ಲ. ಈ ವರ್ಗದಲ್ಲಿ ಇದೇ ಉತ್ತಮ.

ಕೊರಿಯಾದ ಮಿಸ್ಟಿಕ್ ಮೆಸೆಂಜರ್ (2016) ಮಾತ್ರ ವ್ರತದ ಜಾತಿಯದು. ಹನ್ನೊಂದು ದಿನದ ನಿಷ್ಠೆ, ಹಗಲೂ ರಾತ್ರಿಯೂ ತೆರೆದು ಮುಚ್ಚುವ ಹರಟೆಕೋಣೆಗಳು, ನಡುರಾತ್ರಿಯ ಜಾಗರಣೆ. ವ್ರತಭಂಗವಾದರೆ ಮರಳುಗಡಿಯಾರ ವ್ಯಯಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಬ್ರಾಹ್ಮೀ ಮುಹೂರ್ತಕ್ಕೂ ಮೊದಲು ಏಳುವ ಮಗಳನ್ನು ಕಂಡು ಹಿಗ್ಗುವ ತಾಯಂದಿರು ಒಮ್ಮೆ ಹೊದಿಕೆ ಸರಿಸಿ ನೋಡುವುದೊಳ್ಳೆಯದು.

ಕಣ್ಣೀರಿನ ವರ್ಗಕ್ಕೆ ಫ್ಲಾರೆನ್ಸ್ ಒಂದೇ ಸಾಕು. ಮೆಲ್ಬರ್ನಿನ ಮೌಂಟೇನ್ಸ್ ತಂಡ ಇದನ್ನು ಬಿಡುಗಡೆ ಮಾಡಿದ್ದು 2018ರ ಫೆಬ್ರುವರಿ 14ರಂದು. ಮುಹೂರ್ತ ನೋಡಿ ಮಾಡಿದ ಕುಚೇಷ್ಟೆ. ನಾಯಕಿ ಫ್ಲಾರೆನ್ಸಳಿಗೆ ಕ್ರಿಶ್ ಎಂಬ ಭಾರತೀಯ ಮೂಲದ ಚೆಲ್ಲೋವಾದಕ ಸಿಗುತ್ತಾನೆ. ಮೊದಮೊದಲು ಅವನೊಡನೆ ಮಾತಾಡಲು ಜಿಗ್ಸಾ ಒಗಟಿನಂತೆ ಹಲವು ತುಣುಕು ಕೂಡಿಸಬೇಕು. ಸಲುಗೆ ಬೆಳೆದಂತೆ ತುಣುಕು ಕಡಿಮೆಯಾಗುತ್ತವೆ. ಜಗಳ ಬಂದಾಗ ಅಂಚುಗಳು ಚೂಪಾಗುತ್ತವೆ. ಇವರಿಬ್ಬರ ಬಾಯಲ್ಲಿ ಮಾತು ತುರುಕದೆ ಹೀಗೆ ದಾಂಪತ್ಯಮೀಮಾಂಸೆ ಬರೆದವರು ಕಡಿಮೆ. ಅವನು ಸಾಮಾನು ಸಮೇತ ಬಂದಾಗ ಕಪಾಟಿನಲ್ಲಿ ಯಾರ ವಸ್ತು ಉಳಿಯಬೇಕೆಂದು ನೀವೇ ನಿರ್ಧರಿಸಬೇಕು. ಏನೇ ನಿರ್ಧರಿಸಿದರೂ ಅಂತ್ಯ ಬದಲಾಗದು. "ಹಾಗಿದ್ದರೆ ಅದು ಆಟವೇ?" ಎಂದು ತಾರ್ಕಿಕರು ಕೇಳುತ್ತಾರೆ. ಮದುವೆಯಾಗಿ ಬರಲಿ, ಆಮೇಲೆ ವಾದಿಸೋಣ.

ಈ ವರ್ಗಗಳ ಆಚೆಗೆ ರೈನ್ಸ್ (2016) ಎಂಬುದುಂಟು; ಅದರಲ್ಲಿ ರಾಜನಾಗಿ ಕಾರ್ಡುಗಳನ್ನು ಎಡಕ್ಕೋ ಬಲಕ್ಕೋ ತಳ್ಳುತ್ತಿರಬೇಕು. ಮಠ, ಪ್ರಜೆ, ಸೈನ್ಯ, ಬೊಕ್ಕಸ ಇವುಗಳಲ್ಲಿ ಒಂದು ಬರಿದಾದರೂ ಸಾವು, ತುಂಬಿದರೂ ಸಾವು. ರಾಜಕೀಯಕ್ಕೆ ಇಳಿಯುವವರಿಗೆ ಇದನ್ನು ಕಡ್ಡಾಯ ಮಾಡುವುದುಚಿತ.

ಹಾಗಾದರೆ ಮೊದಲು ಯಾವುದು? 80 ಡೇಸ್ ಎಂದು ಸಿದ್ಧಾಂತ. ಕೇಂಬ್ರಿಜ್ಜಿನ ಇಂಕಲ್ ಸಂಸ್ಥೆ 2014ರಲ್ಲಿ ತಂದದ್ದು, ಬರೆದವರು ಮೆಗ್ ಜಯಂತ್, ಮೂಲ ಜೂಲ್ಸ್ ವರ್ನ್. ಹಣ ಒಮ್ಮೆ ಕೊಟ್ಟರೆ ಮುಗಿಯಿತು. ನೀವಿಲ್ಲಿ ಧಣಿಯಲ್ಲ, ಆಳು. ಎಂಬತ್ತು ದಿನದಲ್ಲಿ ಭೂಮಿ ಸುತ್ತಿ ಬರುವೆನೆಂದು ಪಣ ಕಟ್ಟಿದ ಧಣಿ ಫಾಗ್ ಸಾಹೇಬರ ಪೆಟ್ಟಿಗೆ ತುಂಬಬೇಕು, ಹಡಗು ಹುಡುಕಬೇಕು, ಬ್ಯಾಂಕಿಗೆ ಓಡಬೇಕು. ಆಗ್ರಾ ನಗರವೇ ಕಾಲು ಬಂದು ನಡೆಯುತ್ತದೆ; ಅದನ್ನು ನೋಡುತ್ತ ನಿಂತರೆ ಮುಂದಿನ ರೈಲು ಕೈತಪ್ಪುತ್ತದೆ. ಎಂಬತ್ತು ದಿನ ದಾಟಿದರೂ ಕಥೆ ನಿಲ್ಲುವುದಿಲ್ಲ, ಪಣ ಸೋತು ತಡವಾಗಿ ಲಂಡನ್ ಸೇರಬಹುದು. ಇಲ್ಲಿ ಆಯ್ಕೆಗೆ ಬೆಲೆಯುಂಟು, ಅದನ್ನು ಕಥೆಯೊಳಗೇ ತೆರಬೇಕು. ಚಾಯ್ಸಸ್ಸಿನವರು ಇದನ್ನು ಗಮನಿಸಲಿ.

ಉಳಿದದ್ದು ಸ್ಥಳಶುದ್ಧಿ. ಇನ್‌ಸ್ಟಾಲ್ ಮಾಡುವಾಗ ಜಾಗ ಸಾಲದೆಂದು ಫೋನ್ ಕೂಗಿದರೆ, ಮೊದಲು ಸೋದರಮಾವನ ಗುಡ್ ಮಾರ್ನಿಂಗ್ ಹೂವುಗಳನ್ನು ಅಳಿಸತಕ್ಕದ್ದು. ಆಮೇಲೆ ಪರರ ಮದುವೆಯ ವಿಡಿಯೋಗಳನ್ನು. ಕಚೇರಿಯ ಕಡತಗಳ ವಿಷಯದಲ್ಲಿ ವಿಕಲ್ಪವುಂಟು.