ಪೈಸಾ ವಸೂಲಿನ ಅಮಲ್ದಾರರು

‘ಪೈಸಾ ವಸೂಲ್’ ಎಂಬ ಮಾತು ಹಿಂದಿಯಿಂದ ಬಂದು ಕನ್ನಡದ ಸಿನಿಮಾ ವಿಮರ್ಶೆಯಲ್ಲೂ ಹೋಟೆಲಿನ ಹರಟೆಯಲ್ಲೂ ನೆಲೆಯೂರಿದ್ದು, ಕೊಟ್ಟ ಕಾಸಿಗೆ ಮೋಸವಾಗಲಿಲ್ಲ ಎಂಬುದು ಅದರ ರೂಢಿಯ ಅರ್ಥ. ಆದರೆ ‘ವಸೂಲು’ ಅರಬ್ಬಿ ಮೂಲದ ಕಚೇರಿಯ ಪದವಾದುದರಿಂದ, ಬಾಕಿಯನ್ನು ಬಿಡದೆ ಎತ್ತುವ ಕಂದಾಯದ ಗತ್ತು ಅದರಲ್ಲಿ ಇನ್ನೂ ಉಳಿದಿದೆ. ಸೊಪ್ಪಿನವಳು ಅಳೆದು ಕೊಟ್ಟ ಮೇಲೆ ಹಾಕುವ ಹಿಡಿಯಷ್ಟು ‘ಕೊಸರು’ ಕೊಡುವವಳ ಔದಾರ್ಯ, ‘ಕಾಸಿಗೆ ತಕ್ಕ ಕಜ್ಜಾಯ’ವೆಂಬ ಗಾದೆಯಲ್ಲಿ ತಕ್ಕಡಿಯ ಎರಡು ತಟ್ಟೆಗಳೂ ಸಮ, ವಸೂಲು ಮಾತ್ರ ಕೊಂಡವರ ಅಧಿಕಾರ.

ಈ ಅಧಿಕಾರವನ್ನು ಚಲಾಯಿಸುವ ವಸೂಲಿಗರನ್ನು ಜಿಪುಣರೆಂದು ತಿಳಿಯುವುದು ತಪ್ಪು. ಜಿಪುಣರು ದುಡ್ಡು ಬಿಚ್ಚುವುದೇ ಇಲ್ಲ. ವಸೂಲಿಗರು ಧಾರಾಳವಾಗಿ ಬಿಚ್ಚಿ, ಆ ಕ್ಷಣದಿಂದಲೇ ಹಳೆಯ ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಕಂದಾಯ ನೋಡಿಕೊಳ್ಳುತ್ತಿದ್ದ ಅಮಲ್ದಾರರಂತೆ ಬಾಕಿಯ ಬೆನ್ನು ಹತ್ತುತ್ತಾರೆ. ದರ್ಶಿನಿಯಲ್ಲಿ ಎರಡು ಇಡ್ಲಿ ಕೊಂಡು ಮೂರು ಸಲ ಸಾಂಬಾರು ಹಾಕಿಸಿಕೊಳ್ಳುವಾಗ ಅವರಿಗೆ ಹಸಿವಿರಬೇಕೆಂದೇನೂ ಇಲ್ಲ. ರಾತ್ರಿಯ ಎ.ಸಿ. ಬಸ್ಸಿನಲ್ಲಿ ಹಲ್ಲು ಕಟಕಟಿಸುತ್ತಿದ್ದರೂ, ತಣ್ಣನೆಯ ಗಾಳಿಗೂ ಸೇರಿಸಿಯೇ ಟಿಕೆಟ್ಟು ತೆಗೆದಿರುವುದರಿಂದ, ತಲೆಯ ಮೇಲಿನ ಗಾಳಿಕಿಂಡಿಯನ್ನು ಮುಚ್ಚಲು ಮನಸ್ಸು ಒಪ್ಪುವುದಿಲ್ಲ. ಟಾಕೀಸಿನಲ್ಲಿ ಅವರ ತೀರ್ಪು ಕಥೆಯನ್ನು ನೆಚ್ಚಿಕೊಂಡದ್ದಲ್ಲ. ಹಾಡೆಷ್ಟು, ಫೈಟೆಷ್ಟು, ಇಂಟರ್ವಲ್ಲಿಗೆ ಮುಂಚೆ ಅತ್ತದ್ದೆಷ್ಟು ಎಂಬ ಜಮಾಬಂದಿ, ಅಂದರೆ ಕಂದಾಯದ ವಾರ್ಷಿಕ ಲೆಕ್ಕತಪಾಸಣೆ, ಅಲ್ಲಿ ನಡೆಯುತ್ತದೆ.

ರೂಪಾಯಿಗೆ 64 ಪೈಸೆಯಿದ್ದದ್ದು 1957ರ ಏಪ್ರಿಲ್ 1ರಿಂದ 100 ಆದಾಗ ಈ ವರ್ಗದವರಿಗೆ ರೂಪಾಯಿಯೊಂದಕ್ಕೆ 36 ಬಾಕಿದಾರರು ಹೆಚ್ಚಾದಂತಾಯಿತು. ನಾಲ್ಕಾಣೆಯೆಂದೇ ಕರೆಯಲಾಗುತ್ತಿದ್ದ 25 ಪೈಸೆಯೂ ಅದಕ್ಕಿಂತ ಚಿಕ್ಕ ನಾಣ್ಯಗಳೂ 2011ರ ಜೂನ್ 30ರಂದು ಚಲಾವಣೆಯಿಂದ ಹೊರಬಿದ್ದರೂ ವಸೂಲಿಗೆ ಅಡ್ಡಿಯಾಗಲಿಲ್ಲ.

ಇವರ ಪ್ರತಿಭೆ ಪೂರ್ತಿಯಾಗಿ ಅರಳುವುದು ಮದುವೆಯ ಪಂಕ್ತಿಯಲ್ಲಿ. ಮುಯ್ಯಿ, ಅಂದರೆ ಮುಂದೆ ತಮ್ಮ ಮನೆಗೂ ಹಿಂದಿರುಗಬೇಕಾದ ಉಡುಗೊರೆ, ಲಕೋಟೆಯಲ್ಲಿ 501 ರೂಪಾಯಿಯಾಗಿ ಸಂದಾಯವಾದ ಮೇಲೆ ಎಲೆಗೆ ಕೈ ಅಡ್ಡ ಹಿಡಿಯುವ ಪ್ರಶ್ನೆಯೇ ಏಳದು; ಹೋಳಿಗೆಯ ಮೂರನೆಯ ವಿಚಾರಣೆಗೆ ತಲೆಯೆತ್ತದೆ ಕಾಯುತ್ತಾರೆ. ಅವರದೇ ಮಗಳ ಮದುವೆಯಲ್ಲಾದರೋ ಅಡುಗೆಯವರಿಗೆ ತಾವೇ ಹಣ ಕೊಡಬೇಕಾಗಿರುವುದರಿಂದ, ಪಂಕ್ತಿಯ ತುದಿಯಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿಯುತ್ತಲೇ, ಹೋಳಿಗೆಯ ತಟ್ಟೆ ಹಿಡಿದ ಹುಡುಗನ ಕಿವಿಯಲ್ಲಿ ಮೆಲ್ಲಗೆ ಉಸುರುತ್ತಾರೆ: “ಕೇಳಿ ಬಡಿಸಪ್ಪ.”