ಸಕಾಲಕ್ಕೆ ಸಾಯದವರು

ತಪ್ಪೆಲ್ಲ ಮುದುಕರದ್ದೇ. ಸ್ವಾತಂತ್ರ್ಯ ಬಂದಾಗ ಈ ದೇಶದ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸಿನಲ್ಲಿತ್ತು. ಸರ್ಕಾರಿ ನೌಕರರಿಗೆ 55ಕ್ಕೆ ನಿವೃತ್ತಿ. ಖಜಾನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದ್ದೀತು? ಆಮೇಲೆ ಯಾರೋ ಮುಂದಾಲೋಚನೆಯಿಲ್ಲದವರು ಮಕ್ಕಳಿಗೆ ಲಸಿಕೆ ಹಾಕಿದರು, ಸಿಡುಬನ್ನು ಓಡಿಸಿದರು, ವಾಂತಿಭೇದಿಗೆ ಉಪ್ಪು-ಸಕ್ಕರೆ ನೀರು ಕುಡಿಸಿದರು, ಕ್ಷಯಕ್ಕೆ ಮಾತ್ರೆ ನುಂಗಿಸಿದರು. ತೊಟ್ಟಿಲಲ್ಲೇ ಹೋಗಿಬಿಡುತ್ತಿದ್ದ ಕೂಸುಗಳು ಬದುಕಿ, ಓದಿ, ದುಡಿದು, ಈಗ ಬ್ಯಾಂಕಿನ ಮುಂದೆ ಪಾಸ್‌ಬುಕ್ ಹಿಡಿದು ಸಾಲಾಗಿ ನಿಂತಿವೆ. ಸರಾಸರಿ ಆಯುಷ್ಯ 70 ಮುಟ್ಟಿದೆ. ಕಾನೂನು, ಆಸ್ಪತ್ರೆ, ವಿಮೆ, ಮನೆ ಯಾವುದಕ್ಕೂ ಈ ಸುದ್ದಿ ಇನ್ನೂ ತಲುಪಿದಂತಿಲ್ಲ.

ಹಿಂದೆ 60 ಮುಟ್ಟುವುದೇ ಸಾಧನೆ. ಅದಕ್ಕೇ ಷಷ್ಟ್ಯಬ್ದಿ ಮಾಡಿ, ಅದೇ ಹೆಂಡತಿಯ ಕೊರಳಿಗೆ ಇನ್ನೊಮ್ಮೆ ತಾಳಿ ಕಟ್ಟಿಸುತ್ತಿದ್ದರು. ಈಗ ಷಷ್ಟ್ಯಬ್ದಿಯ ವರ ಗೃಹಸಾಲದ ಕಂತು ಕಟ್ಟಿಬಂದು ಹಸೆಮಣೆ ಏರುತ್ತಾನೆ. ಅಕ್ಷತೆ ಹಾಕಲು ಅವನ 86ರ ತಾಯಿ ಗಾಲಿಕುರ್ಚಿಯಲ್ಲಿ ಬರುತ್ತಾರೆ. ಕುರ್ಚಿ ತಳ್ಳುವವಳು 58ರ ಮದುಮಗಳೇ. ಅತ್ತೆ-ಸೊಸೆ ಇಬ್ಬರಿಗೂ ಮಂಡಿನೋವು, ಇಬ್ಬರಿಗೂ ಒಂದೇ ಮುಲಾಮು. ಅತ್ತೆಯಾಗಿ ದರ್ಬಾರು ನಡೆಸಬೇಕಾದ ವಯಸ್ಸಿನಲ್ಲಿ ಈಕೆ ಇನ್ನೂ ಸೊಸೆಯಾಗಿಯೇ ಸೇವೆಯಲ್ಲಿದ್ದಾಳೆ. ಮೊಮ್ಮಗ ಸಿಯಾಟಲ್‌ನಿಂದ ಕ್ಯಾಮೆರಾ ಹಾಕಿಸಿದ್ದಾನೆ. ಅಜ್ಜಿ ಜಾರಿ ಬಿದ್ದರೆ ಅಲ್ಲಿಂದಲೇ ನೋಡಬಹುದು. ಎತ್ತಲು ಮಾತ್ರ ಹೋಂ ನರ್ಸ್ ಬರಬೇಕು, ಅವಳಿಗೆ ಭಾನುವಾರ ರಜೆ. ಅಪ್ಪನ ಹೆಸರಿನ ಮನೆ ಮಗನ ಹೆಸರಿಗೆ ಬರುವ ಹೊತ್ತಿಗೆ ಮಗನಿಗೂ ಅದರ ಮೆಟ್ಟಿಲು ಹತ್ತಲಾಗುವುದಿಲ್ಲ.

ಇಷ್ಟರ ನಡುವೆ ಅತ್ತೆಯ ದೀರ್ಘಾಯುಷ್ಯಕ್ಕೆ ಬೆಲೆ ಕಟ್ಟಿದ ಕೀರ್ತಿ ಕರ್ನಾಟಕದ್ದು. 2023ರಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಬಂದಾಗ, ಹಣ ಅತ್ತೆಗೋ ಸೊಸೆಗೋ ಎಂದು ಇಡೀ ರಾಜ್ಯ ಚರ್ಚಿಸಿತು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರ ಆರೋಗ್ಯ ಮನೆಮಂದಿಗೆಲ್ಲ ಮುಖ್ಯವಾಯಿತು. "ಅಮ್ಮಾ, ಮಾತ್ರೆ ತಗೊಂಡ್ರಾ?" ಎಂದು ಕೇಳುವವರು ಹುಟ್ಟಿಕೊಂಡರು. ದಾಸರು ಹಾಡಿ, ಶರಣರು ಬೋಧಿಸಿ ಸಾಧಿಸಲಾಗದ್ದನ್ನು ನೇರ ನಗದು ವರ್ಗಾವಣೆ ಸಾಧಿಸಿತು.

ಕೇಂದ್ರ ಸರ್ಕಾರದ ಪ್ರೀತಿ ಇಷ್ಟು ದುಬಾರಿಯಲ್ಲ. ಬಡ ವೃದ್ಧರಿಗಾಗಿ ಇರುವ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಅದರ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲೂ ಅಷ್ಟೇ, ಈಗಲೂ ಅಷ್ಟೇ. 80 ತುಂಬಿದರೆ 500. ಅಂದರೆ 60ರಿಂದ 20 ವರ್ಷ ಛಲ ಬಿಡದೆ ಬದುಕಿದವರಿಗೆ 300 ರೂಪಾಯಿ ಬಡ್ತಿ. ನಮ್ಮ ರಾಜ್ಯ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ 1,200 ಕೊಡುತ್ತದೆ. ದಿನಕ್ಕೆ 40 ರೂಪಾಯಿ. ಬೆಂಗಳೂರಿನ ದರ್ಶಿನಿಯಲ್ಲಿ ಇಡ್ಲಿ ತಿಂದರೆ ಕಾಫಿ ಇಲ್ಲ, ಕಾಫಿ ಕುಡಿದರೆ ಇಡ್ಲಿ ಇಲ್ಲ.

ಹಾಗೆಂದು ದೆಹಲಿಗೆ ಬೆಲೆಯೇರಿಕೆಯ ಅರಿವೇ ಇಲ್ಲ ಎನ್ನಬೇಡಿ. ಮಾಜಿ ಸಂಸದರ ಪಿಂಚಣಿಯನ್ನು 2025ರಲ್ಲಿ 25,000ದಿಂದ 31,000ಕ್ಕೆ ಏರಿಸಿದ್ದು ಹಣದುಬ್ಬರದ ಲೆಕ್ಕ ಹಾಕಿಯೇ. ಹಣದುಬ್ಬರ ಸಂಸತ್ ಭವನದ ಮೆಟ್ಟಿಲು ಹತ್ತುತ್ತದೆ, ಹಳ್ಳಿಯ ಅಂಚೆ ಕಚೇರಿಯ ಮೆಟ್ಟಿಲು ಹತ್ತಲು ಅದಕ್ಕೂ ಮಂಡಿನೋವಿರಬೇಕು. ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೊರೋನಾ ನೆಪದಲ್ಲಿ ನಿಲ್ಲಿಸಿದರು. ಕೊರೋನಾ ಹೋಯಿತು, ರಿಯಾಯಿತಿ ಬರಲಿಲ್ಲ. ಮಾಜಿ ಸಂಸದರ ಉಚಿತ ಪಾಸು ಮಾತ್ರ ಸುಕ್ಷೇಮವಾಗಿದೆ. ಅವರಿಗೂ ವಯಸ್ಸಾಗಿದೆಯಲ್ಲ, ಪಾಪ.

ದೀರ್ಘಾಯುಷ್ಯಕ್ಕೆ ಬೆದರಿದ್ದು ನಾವೊಬ್ಬರೇ ಅಲ್ಲ. ಜಪಾನ್ ಸರ್ಕಾರ 1963ರಿಂದ ನೂರು ತುಂಬಿದವರಿಗೆ ಬೆಳ್ಳಿ ಬಟ್ಟಲು ಕೊಡುತ್ತಿತ್ತು. ಆಗ ಶತಾಯುಷಿಗಳು 153 ಮಂದಿ. ಸಂಖ್ಯೆ ಹತ್ತಾರು ಸಾವಿರಕ್ಕೆ ಏರಿದಾಗ, 2016ರಲ್ಲಿ, ಬೆಳ್ಳಿ ಹೋಗಿ ಬೆಳ್ಳಿ ಲೇಪ ಬಂತು. ನಾವು ಅಷ್ಟು ದಡ್ಡರಲ್ಲ, ಬಟ್ಟಲನ್ನೇ ಕೊಡಲಿಲ್ಲ.

ನಮ್ಮಲ್ಲಿ ಬದುಕಿದರಷ್ಟೇ ಸಾಲದು, ಸಾಬೀತು ಮಾಡಬೇಕು. ನವೆಂಬರ್‌ನಲ್ಲಿ ನಾಡೆಲ್ಲ ರಾಜ್ಯೋತ್ಸವ ಮಾಡಿದರೆ, ಪಿಂಚಣಿದಾರರು ತಾವು ಸತ್ತಿಲ್ಲವೆಂಬುದರ ವಾರ್ಷಿಕೋತ್ಸವ ಮಾಡುತ್ತಾರೆ. 2014ರಿಂದ 'ಜೀವನ್ ಪ್ರಮಾಣ' ಡಿಜಿಟಲ್ ಆಯಿತು, ಬೆರಳೊತ್ತಿದರೆ ಸಾಕು. ಆದರೆ ಪಾತ್ರೆ ತಿಕ್ಕಿ, ಕಳೆ ಕಿತ್ತು, ಗಾರೆ ಕಲಸಿ ಸವೆದ ಬೆರಳಲ್ಲಿ ಗೆರೆಗಳೇ ಉಳಿದಿರುವುದಿಲ್ಲ. ಹೆಚ್ಚು ದುಡಿದವರನ್ನು ಯಂತ್ರ ಮೊದಲು ಸಾಯಿಸುತ್ತದೆ. ಉತ್ತರ ಪ್ರದೇಶದ ಆಜಂಗಢದ ಲಾಲ್ ಬಿಹಾರಿ ಎಂಬವರನ್ನು ಜಮೀನಿನ ಆಸೆಗೆ ಬಂಧುಗಳು ಕಾಗದದಲ್ಲಿ ಕೊಂದಿದ್ದರು. ತಾನು ಬದುಕಿದ್ದೇನೆಂದು ದಾಖಲೆಗೆ ಹತ್ತಿಸಲು ಅವರಿಗೆ 1994 ಬರಬೇಕಾಯಿತು. ಅಷ್ಟರಲ್ಲಿ ಹೆಸರಿಗೆ 'ಮೃತಕ' ಎಂದು ಸೇರಿಸಿಕೊಂಡು, 1989ರಲ್ಲಿ ಅಮೇಥಿಯಲ್ಲಿ ರಾಜೀವ್ ಗಾಂಧಿಯವರ ಎದುರು ಚುನಾವಣೆಗೂ ನಿಂತರು. ಈ ದೇಶದಲ್ಲಿ ಪ್ರಾಣ ಹೋಗುವುದು ಸುಲಭ, ಕಡತದಲ್ಲಿ ಮರಳಿ ಬರುವುದು ಕಷ್ಟ.

ಆರೋಗ್ಯದ ಮಾತಿಗೆ ಬರೋಣ. 60 ದಾಟಿದ ನಾಲ್ವರಲ್ಲಿ ಮೂವರಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ ಇದೆಯೆಂದು 2017-18ರ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ನಗರದ ದೊಡ್ಡ ಆಸ್ಪತ್ರೆಗಳು ಇದನ್ನು ಸಮಸ್ಯೆ ಎನ್ನುವುದಿಲ್ಲ, ಪ್ಯಾಕೇಜ್ ಎನ್ನುತ್ತವೆ. ಹೃದಯಕ್ಕೊಬ್ಬರು, ಮೂತ್ರಪಿಂಡಕ್ಕೊಬ್ಬರು, ಮಂಡಿಗೊಬ್ಬರು, ಮರೆವಿಗೊಬ್ಬರು ವೈದ್ಯರಿದ್ದಾರೆ. ಇಡೀ ಮುದುಕನನ್ನು ನೋಡುವವರು ಮಾತ್ರ ಯಾರೂ ಇಲ್ಲ.

2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಿ, ವರ್ಷಕ್ಕೆ 5 ಲಕ್ಷದ ರಕ್ಷಣೆ ಘೋಷಿಸಿದರು. ಶಹಭಾಸ್ ಎನ್ನೋಣ. ಷರತ್ತು ಇಷ್ಟೇ, ಆಸ್ಪತ್ರೆಗೆ ದಾಖಲಾಗಬೇಕು. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಬಿ.ಪಿ. ಹತೋಟಿಯಲ್ಲಿ ಇಟ್ಟುಕೊಂಡರೆ ಖರ್ಚು ನಿಮ್ಮದು. ಮಾತ್ರೆ ಬಿಟ್ಟು ಲಕ್ವ ಹೊಡೆಸಿಕೊಂಡರೆ ಸರ್ಕಾರ ನಿಮ್ಮೊಂದಿಗಿದೆ. ಲಕ್ವ ಹೊಡೆದು ಮನೆಗೆ ಬಂದ ಮೇಲೆ ಮಗ್ಗುಲು ಬದಲಿಸುವವರಿಗೆ, ಸ್ನಾನ ಮಾಡಿಸುವವರಿಗೆ, ಡೈಪರ್‌ಗೆ ಮತ್ತೆ ಖರ್ಚು ನಿಮ್ಮದೇ. ಬಿದ್ದವರಿಗೆ ಯೋಜನೆ ಇದೆ, ಬೀಳದಂತೆ ನೋಡಿಕೊಳ್ಳುವವರಿಗೆ ಇಲ್ಲ.

ನೋಡಿಕೊಳ್ಳದ ಮಕ್ಕಳಿಗಾಗಿ 2007ರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ಮುಂದೆ ದೂರು ಕೊಡಬಹುದು, ದಾನಪತ್ರ ಬರೆದುಕೊಟ್ಟ ಆಸ್ತಿಯನ್ನೂ ವಾಪಸು ಕೇಳಬಹುದು. ಜೀವನಾಂಶಕ್ಕೆ ಕಾಯ್ದೆ ಹಾಕಿದ ಮಿತಿ ತಿಂಗಳಿಗೆ 10,000. ಕೋಟಿ ಬೆಲೆಯ ನಿವೇಶನ ಕೊಟ್ಟ ಅಪ್ಪನಿಗೂ ಅಷ್ಟೇ, ಏನೂ ಇಲ್ಲದ ಅಪ್ಪನಿಗೂ ಅಷ್ಟೇ. ಸಮಾನತೆ ಎಂದರೆ ಇದು.

ಅರ್ಥಶಾಸ್ತ್ರಜ್ಞರು ಟಿ.ವಿ.ಯಲ್ಲಿ ಕೂತು, ವೃದ್ಧರು ದೇಶಕ್ಕೆ ಹೊರೆ ಎಂದು ಚಿಂತಿಸುತ್ತಾರೆ. ಯಾರು ಹೊರೆ? ಈ ದೇಶದ ಬಹುಪಾಲು ಮುದುಕರಿಗೆ ನಿವೃತ್ತಿ ಎಂಬುದೇ ಇಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಕಟ್ಟುವ ಅಜ್ಜಿ, ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿ ಪಾಳಿಯ ಅಜ್ಜ, ಕೂಲಿಗೆ ಹೋದ ಸೊಸೆಯ ಮಕ್ಕಳನ್ನು ಸಾಕುವ ಹಣ್ಣುಮುದುಕಿ, ಇವರ ದುಡಿಮೆ ಯಾವ ಲೆಕ್ಕದ ಪುಸ್ತಕದಲ್ಲಿದೆ? ಅಮೆರಿಕಕ್ಕೆ ಹೋಗಿ ಬಾಣಂತನ ಮಾಡಿ, ಆರು ತಿಂಗಳು ಮಗು ನೋಡಿಕೊಂಡು ಬರುವ ನಮ್ಮ ಅಮ್ಮಂದಿರು ಅಲ್ಲಿನ ದರದಲ್ಲಿ ಬಿಲ್ ಕೊಟ್ಟರೆ ಎಷ್ಟು ಸಾಫ್ಟ್‌ವೇರ್ ಸಂಸಾರಗಳು ದಿವಾಳಿಯಾಗುವುದಿಲ್ಲ? 60ಕ್ಕೆ ಮನೆಗೆ ಕಳಿಸುವ ನಿಯಮ ಗುಮಾಸ್ತನಿಗೆ. ಆ ನಿಯಮ ಬರೆಯುವವರಿಗೆ 80ರಲ್ಲೂ ಟಿಕೆಟ್ ಸಿಗದಿದ್ದರೆ ಪಕ್ಷ ಬದಲಿಸುವ ತಾರುಣ್ಯ.

2050ರ ಹೊತ್ತಿಗೆ ಭಾರತೀಯರಲ್ಲಿ ಐವರಿಗೊಬ್ಬರು 60 ದಾಟಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಅಂದಾಜು. ಆ ಒಬ್ಬರು ಯಾರೋ ಪರದೇಶದ ಮುದುಕರಲ್ಲ. ಈಗ 40ರ ಹೊಸ್ತಿಲಲ್ಲಿ ನಿಂತು, "ಈ ವಯಸ್ಸಾದವರದ್ದು ದೊಡ್ಡ ಕಿರಿಕಿರಿ" ಎಂದು ಗೊಣಗುತ್ತಿರುವ ನೀವೇ. ಅಪ್ಪ-ಅಮ್ಮನ ಮೇಲಿನ ಪ್ರೀತಿಗೆ ಬೇಡ, ಶುದ್ಧ ಸ್ವಾರ್ಥಕ್ಕಾದರೂ ಮುಂದಿನ ಸಲ ಮತ ಕೇಳಲು ಬಂದವರನ್ನು ಆ 200 ರೂಪಾಯಿಯ ಬಗ್ಗೆ ಕೇಳಿ. ಇಂದು ನೀವು ಕೇಳದಿದ್ದರೆ ನಾಳೆ ನಿಮಗೆ ಸಿಗುವುದೂ ಅಷ್ಟೇ.