ಯುವರ್ಸ್ ಒಬಿಡಿಯೆಂಟ್ಲಿ, ಹಲಸಿನ ಹಪ್ಪಳ

ಸಾಗರದ ಹತ್ತಿರ ನಮ್ಮನೆ. ಅಮ್ಮನ ಹಲಸಿನ ಹಪ್ಪಳ ಬೆಂಗಳೂರಿನ ಅಂಗಡಿಗೆ ಹೋಗತೊಡಗಿದ ದಿನವೇ ನಾನು ನಮ್ಮ ಉದ್ದಿಮೆಯ ಇಂಗ್ಲಿಷ್ ವಿಭಾಗದ ಮುಖ್ಯಸ್ಥನಾದೆ. ಬೇರೆ ಅರ್ಜಿದಾರರಿರಲಿಲ್ಲ. ಹಪ್ಪಳ ಒತ್ತುವುದರಿಂದ ತಪ್ಪಿಸಿಕೊಳ್ಳಲು ಬೇರೆ ದಾರಿಯೂ ಇರಲಿಲ್ಲ.

ಮೂರು ತಿಂಗಳಾದರೂ ಅಂಗಡಿಯವರು ದುಡ್ಡು ಕೊಡಲಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಹೆದರುತ್ತಾರೆ ನೋಡು ಎಂದು ಅಮ್ಮನಿಗೆ ಹೇಳಿ ಬರೆಯಲು ಕೂತೆ.

ಕೂತ ಮೇಲೆ ಗೊತ್ತಾಯಿತು, ನನಗೆ ಬರುವ ಇಂಗ್ಲಿಷ್ ಪತ್ರ ಒಂದೇ: ಎಂಟನೇ ಕ್ಲಾಸಿನ ರಜಾ ಅರ್ಜಿ. ಆ ಅಚ್ಚಿಗೆ ಏನು ಹೊಯ್ದರೂ ರಜೆಯೇ ಹೊರಬರುತ್ತದೆ. 'ರೆಸ್ಪೆಕ್ಟೆಡ್ ಸರ್' ಎನ್ನುವಷ್ಟರಲ್ಲೇ ಬಾಕಿ ಉಳಿಸಿಕೊಂಡವನ ಮುಂದೆ ನಾನು ಕೈಕಟ್ಟಿ ನಿಂತಾಗಿತ್ತು. 'ಐ ಆ್ಯಮ್ ಸಫರಿಂಗ್ ಫ್ರಮ್' ತಾನಾಗಿ ಬಂತು. ಜ್ವರದ ಜಾಗಕ್ಕೆ 'ಪೆಂಡಿಂಗ್ ಪೇಮೆಂಟ್' ತುರುಕಿದೆ. ನೋಂದಾಯಿತ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂಬ 2006ರ ಕಾಯಿದೆಯೊಂದಿದೆ. ಅದನ್ನು ಬ್ರಹ್ಮಾಸ್ತ್ರದಂತೆ ಬಿಡೋಣವೆಂದರೆ, ಅಸ್ತ್ರ ಅಚ್ಚಿಗೆ ಬಿದ್ದು 'ಕೈಂಡ್ಲಿ ಗ್ರಾಂಟ್ 45 ಡೇಸ್' ಆಯಿತು. ಕೊನೆಗೆ 'ಯುವರ್ಸ್ ಒಬಿಡಿಯೆಂಟ್ಲಿ'. ಪೋಷಕರ ಸಹಿಗೆ ಜಾಗ ಬಿಟ್ಟಿರಲಿಲ್ಲ, ಅಷ್ಟೇ.

ಓದಿ ನೋಡಿದೆ. ಚೆನ್ನಾಗಿಯೇ ಇತ್ತು! ಗಟ್ಟಿಯಾಗಿ ಓದಿದೆ. ಅಮ್ಮ ಬಿಸಿಲಿಗೆ ಹಾಕಿದ್ದ ಹಪ್ಪಳ ಮಗುಚುವುದನ್ನೂ ಬಿಟ್ಟು ಹೆಮ್ಮೆಯಿಂದ ಕೇಳಿದಳು. ಕಳಿಸಿದ ಹತ್ತೇ ನಿಮಿಷಕ್ಕೆ ವಾಟ್ಸ್ಯಾಪಿನಲ್ಲಿ ಉತ್ತರ: '45 ಡೇಸ್ ಓಕೆ. ಟೇಕ್ ರೆಸ್ಟ್.'

"ಎಂತ ಬರ್ದಿದಾರೆ?"

"ರೆಸ್ಟ್ ತಗೊಳ್ಳಿ ಅಂತ."

"ಪಾಪ, ಒಳ್ಳೆ ಜನ."

ಅಮ್ಮನಿಗೆ ತನ್ನ ಹಪ್ಪಳದ ಪೊಟ್ಟಣವನ್ನೇ ಓದಲು ಬರುವುದಿಲ್ಲ. ಆಹಾರದ ಲೇಬಲ್ಲಿನ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು, ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ ಅನ್ನುತ್ತದೆ ನಿಯಮ. ಆ ಪುಟ್ಟ ಚೀಟಿಯಲ್ಲಿ 'ಜೊತೆಗೆ' ಹಿಡಿಸುವುದಿಲ್ಲ ಎಂದು ಕನ್ನಡವನ್ನು ಕೈಬಿಟ್ಟವನು ಇಂಗ್ಲಿಷ್ ವಿಭಾಗದ ಮುಖ್ಯಸ್ಥನೇ. ನಲವತ್ತು ವರ್ಷದಿಂದ ಹಪ್ಪಳ ಒತ್ತುತ್ತಿರುವವಳು ಈಗ ಅದರ ಮೇಲೆ ಏನಿದೆಯೆಂದು ನನ್ನನ್ನು ಕೇಳಬೇಕು. ನನ್ನ ಇಂಗ್ಲಿಷ್ ಎಂಥದ್ದೆಂದು ನೋಡಿದಿರಲ್ಲ.

ನಾನು ಮಂಜೂರಾದ ರಜೆಯನ್ನು ಶಿಸ್ತಾಗಿ ಅನುಭವಿಸುತ್ತಿದ್ದೆ. ಅಮ್ಮ ಒಂದು ವಾರವೂ ಕಾಯಲಿಲ್ಲ. ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಎಂತ ಮಾರಾಯ್ರೆ, ದುಡ್ಡು ಕೊಡ್ತೀರೋ, ಹಪ್ಪಳ ವಾಪಸ್ ಕೊಡ್ತೀರೋ?" ಅಂದಳು.

ಸಂಜೆಯೊಳಗೆ ದುಡ್ಡು ಬಂತು. ಹಿಂದೆಯೇ ನನಗೊಂದು ಮೆಸೇಜು, ಅಚ್ಚ ಕನ್ನಡದಲ್ಲಿ: 'ಈಗ ಹುಷಾರಾಗಿದೀರಾ?'